ಪೆಟ್ಟಿಗೆಗೆ ಮಡಿಲು ತುಂಬಿದವರು

ಜೇನು ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ. ಯಸಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಹಿಂದೆ ನನ್ನ ಜೊತೆ ಅವರ ಹತ್ತಿರ ಜೇನು ಸಾಕಣೆ ಕಲಿತ ಕುಂದೂರು ಕಡೆಯ ಸಣ್ಣಮ್ಮ ಆಸ್ಪತ್ರೆಗೆ ಬಂದವಳು ನನ್ನನ್ನು ಕಂಡು ರಸ್ತೆ ದಾಟಿ ಬಂದಳು. "ಮೇಷ್ಟ್ರು ಹೋಗ್ಬುಟ್ರಂತೆ ಕಣೆ. ಚರ್ಚಲ್ಲಿ ಎಲ್ಲಾ ಮುಗ್ದು ಹದಿನೈದಿಪ್ಪತ್ತು ದಿನ ಆಯ್ತಂತೆ. ನಮಗ್ಯಾರು ಹೇಳ್ತಾರೆ ಹೇಳು" ಎಂದಳು. ನಾನು "ಹೌದಾ" ಎಂದೆ. ಅಷ್ಟರಲ್ಲಿ ಬಸ್ಸು ಬಂತು, ಸೀಟು ಹಿಡಿಯಲು ಹತ್ತಿಬಿಟ್ಟೆ. ದಾರಿಯುದ್ದಕ್ಕೂ ಈಗ ಅಳು ಬರಬಹುದು, ಇನ್ನು ಸ್ವಲ್ಪ ಹೊತ್ತಿಗೆ ಬರಬಹುದು ಎಂದು ಕಾದೆ. ಬರಲಿಲ್ಲ. ಮನೆಗೆ ಬಂದು ಅನ್ನಕ್ಕೆ ಇಟ್ಟೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಕಡೆಯ ಹೆಂಗಸರಿಗೆ ಯಾರೆಂದು ಗೊತ್ತಾಗುವುದಿಲ್ಲ. ನಮಗೆಲ್ಲ ಅವರು ಜೇನು ಮೇಷ್ಟ್ರು. ಅವರ ಹಿರಿಯರು ಮಂಗಳೂರಿನಿಂದ ಘಟ್ಟ ಹತ್ತಿ ಬಂದು ಸಕಲೇಶಪುರದಲ್ಲಿ ನಿಂತ ಕ್ರಿಶ್ಚಿಯನ್ನರು. ಇವರು ಮದುವೆಯಾಗಲಿಲ್ಲ, ಅಕ್ಕನ ಜೊತೆ ಇದ್ದರು. ಎತ್ತರದ ಆಳು, ಕತ್ತು ಸ್ವಲ್ಪ ಮುಂದಕ್ಕೆ. ಯಾವಾಗಲೂ ಬಿಳಿ ಅರ್ಧ ತೋಳಿನ ಅಂಗಿ. ಕಪ್ಪು ಬಟ್ಟೆ ಕಂಡರೆ ಜೇನಿಗೆ ಆಗುವುದಿಲ್ಲವಂತೆ. ಜೇನಿಗೆ ಆಗದ್ದು ಯಾವುದೂ ಅವರಿಗೂ ಆಗುತ್ತಿರಲಿಲ್ಲ. ಬೀಡಿಯ ವಾಸನೆ ಆಗದು, ಸೆಂಟು ಆಗದು, ಜೋರು ಮಾತು ಆಗದು. ಬಸ್ಸಿನಲ್ಲಿ ಅವರ ಪಕ್ಕ ಯಾರಾದರೂ ಬೀಡಿ ಹಚ್ಚಿದರೆ ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಶುರುವಿನ ಮಾತು. ಬಡ ಹೆಂಗಸರಿಗೆ ಸ್ವಂತ ಉದ್ಯೋಗ ಕಲಿಸುತ್ತೇವೆಂದು ಮಗ್ಗೆಯ ಮಹಿಳಾ ಸಮಾಜದ ಕಟ್ಟಡದಲ್ಲಿ ಸರ್ಕಾರದವರು ತರಬೇತಿ ಇಟ್ಟಿದ್ದರು. ಅದಕ್ಕೆ ಮುಂಚೆ ಹೊಲಿಗೆ ಕಲಿಸಿದ್ದರು. ಊರೂರಿಗೆ ಹೊಲಿಯುವವರೇ ಆಗಿ ಹೊಲಿಸುವವರು ಇಲ್ಲದಂತಾಗಿತ್ತು. ಜೇನು ಎಂದಾಗ ನಾವು ನಕ್ಕೆವು. ಕಾಡಿನಲ್ಲಿ ಇರುವುದನ್ನು ಕಲಿಯಲು ಕ್ಲಾಸಿಗೆ ಹೋಗಬೇಕೇ ಎಂದು. ತರಬೇತಿ ಮುಗಿಸಿದವರಿಗೆ ಜೇನು ಸಮೇತ ಎರಡೆರಡು ಪೆಟ್ಟಿಗೆ ಪುಕ್ಕಟೆ ಕೊಡುತ್ತಾರೆಂದು ಗೊತ್ತಾದ ಮೇಲೆ ನಗು ನಿಂತಿತು.

ಮೊದಲ ದಿನವೇ ಜಗಳವಾಯಿತು. ಮೇಷ್ಟ್ರು ಬಾಗಿಲಲ್ಲೇ ನಿಂತು, ತಲೆಗೆ ಎಣ್ಣೆ ಹಾಕಿಕೊಂಡು ಬರಬಾರದು, ಹೂ ಮುಡಿದುಕೊಂಡು ಒಳಗೆ ಬರಬಾರದು ಎಂದರು. ವಾಸನೆಗೆ ಜೇನು ತಲೆಗೇ ಮುತ್ತುತ್ತದೆ ಎಂದು ಅವರ ಲೆಕ್ಕ. ಸಣ್ಣಮ್ಮನಿಗೆ ಕೋಪ ಬಂತು. "ಮುತ್ತೈದೇರ ತಲೇಲಿ ಹೂ ತೆಗ್ಸೋದು ಯಾವ ಸೀಮೆ ಟ್ರೈನಿಂಗು ಸಾರ್? ನಾನಂತೂ ತೆಗಿಯಾಕಿಲ್ಲ" ಎಂದು ಸೆರಗು ಸಿಕ್ಕಿಸಿ ನಿಂತಳು. ಮೇಷ್ಟ್ರು ಹೆದರಿದರು. ಜೇನಿಗೆ ಹೆದರದವರು ಸಣ್ಣಮ್ಮನಿಗೆ ಹೆದರಿದ್ದನ್ನು ನಾನೇ ನೋಡಿದ್ದೇನೆ. "ಎಂತ ಮಾರಾಯ್ತಿ, ಬಿಸಾಡು ಅಂತ ನಾನು ಹೇಳಿದೆನಾ? ಕಿಟಕಿಯಲ್ಲಿಡಿ, ಹೋಗುವಾಗ ಮುಡಿದುಕೊಳ್ಳಿ" ಎಂದರು. ಹಾಗೇ ಆಯಿತು. ಕಿಟಕಿಯ ಉದ್ದಕ್ಕೂ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಪಾಠದ ಪೆಟ್ಟಿಗೆಯ ಜೇನುಗಳೆಲ್ಲ ಹೋಗಿ ಆ ಹೂವಿನ ಮೇಲೆ ಕೂತವು. ಅವರು ಪಾಠ ನಿಲ್ಲಿಸಿ, "ನೋಡಿ, ನಾನು ಹೇಳಿದ್ದು ಸುಳ್ಳಲ್ಲ" ಎಂದು ಮಗುವಿನ ಹಾಗೆ ಖುಷಿಪಟ್ಟರು. ಮುಡಿಯಲು ಹೂ ಇಲ್ಲದಿದ್ದವಳು ನಾನೊಬ್ಬಳೇ. ನನ್ನ ಗಂಡ ಲಾರಿಯ ಜೊತೆ ಘಟ್ಟ ಇಳಿದು ಹೋದವನು ವಾಪಸ್ ಬಂದಿರಲಿಲ್ಲ.

ಬಾಯಿಪಾಠ ಮಾಡಿಸುವ ಚಟ ಅವರಿಗೆ. ಕಚ್ಚಿದರೆ ಏನು ಮಾಡಬೇಕು ಎಂದು ಕೇಳುವರು. ನಾವೆಲ್ಲ ಒಟ್ಟಾಗಿ, "ಮೊದಲು ಮುಚ್ಚಳ, ಆಮೇಲೆ ಮುಳ್ಳು" ಎನ್ನಬೇಕು. ಪೆಟ್ಟಿಗೆ ತೆರೆದಿಟ್ಟುಕೊಂಡು ಕೈಯ ಮುಳ್ಳು ಕೀಳುತ್ತ ಕೂತರೆ ಉಳಿದ ಜೇನೆಲ್ಲ ಎದ್ದು ಬರುತ್ತದೆ ಎಂದು. ಅವರ ಕೆಳತುಟಿಗೇ ಒಂದು ಸಲ ಕಚ್ಚಿತು. ತುಟಿ ಊದಿಕೊಂಡು ಮಾತು ತೊದಲಿದರೂ ನಿಧಾನವಾಗಿ ಮುಚ್ಚಳ ಹಾಕಿ, ಅದರ ಮೇಲೆ ಕಲ್ಲನ್ನೂ ಇಟ್ಟು, ಆಮೇಲೆ ತುಟಿಗೆ ಕೈ ಹಾಕಿದರು. ಸಣ್ಣಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ನಾನು ಆಗ ಕಾಫಿ ಎಸ್ಟೇಟಿನ ಲೈನಿನಲ್ಲಿದ್ದೆ. ಲೈನ್ ಎಂದರೆ ಆಳುಗಳಿಗೆ ಸಾಲಾಗಿ ಕಟ್ಟಿಸಿದ ಒಂದೊಂದೇ ರೂಮು. ಕೆಲಸ ಇದ್ದರೆ ರೂಮು, ಕೆಲಸ ಬಿಟ್ಟರೆ ರೂಮೂ ಬಿಡಬೇಕು. ಎಸ್ಸೆಸ್ಸೆಲ್ಸಿ ಓದಿದವಳು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಬೆಳಿಗ್ಗೆ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಹೆಸರು ಕೂಗುವಾಗ ಸಾಲಿನಲ್ಲಿ ನಿಲ್ಲಬೇಕು. ಹಣ್ಣು ಕೊಯ್ಯುವ ಕಾಲದಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು, ಎರಡು ಪುಟ್ಟ ಕೈ ಸೇರಿದರೆ ಬುಟ್ಟಿ ಬೇಗ ತುಂಬುತ್ತದೆ. ಹಾಗೆ ಹೋದ ಮಕ್ಕಳು ಸ್ಕೂಲಿಗೆ ವಾಪಸ್ ಹೋಗುವುದು ಕಡಿಮೆ. ನನಗೆ ಬೇಕಾಗಿದ್ದುದು ಒಂದೇ. ನನ್ನ ಮಗಳೂ ಮಗನೂ ಆ ಸಾಲಿನಲ್ಲಿ ನಿಲ್ಲಬಾರದು. ಬೇರೆ ದೊಡ್ಡ ಆಸೆ ಯಾವುದೂ ಇರಲಿಲ್ಲ.

ಮೊದಲ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿತ್ತು. ತೋಟಗಳು ಬೆಳ್ಳಗಾದವು, ಪೆಟ್ಟಿಗೆಗಳು ಭಾರವಾದವು. ಮೇಷ್ಟ್ರು ಜೇನು ತೆಗೆಯುವ ಯಂತ್ರವನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದು ಮನೆಮನೆಗೆ ಹೋಗಿ ಕೈ ಹಿಡಿದು ಕಲಿಸಿದರು. ಬಾಟಲಿಗೆ ಕಟ್ಟಿದ ಜೇನನ್ನು ನಾನೇ ಪೇಟೆಗೆ ಒಯ್ದು ಮಾರಿದೆ. ಮಳೆ ಶುರುವಾಗುವ ಮುಂಚೆ ಲೈನ್ ಬಿಟ್ಟು ಮಗ್ಗೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ, ಸ್ಕೂಲಿಗೆ ಹತ್ತಿರ. ರೈಟರಿಗೆ ಹೇಳಲು ಹೋದಾಗ ಅವನು ತಲೆ ಎತ್ತದೆ, "ಹೋಗ್ತೀಯಾ, ಹೋಗು. ನೊಣ ನಂಬ್ಕೊಂಡು ಹೊಂಟವ್ಳೆ. ಬರ್ತೀಯ ಬಿಡು" ಎಂದ. ನನಗೆ ಅವನ ಮಾತು ತಾಕಲಿಲ್ಲ. ಅಷ್ಟು ಸಂತೋಷದಲ್ಲಿದ್ದೆ.

ಮಳೆಗಾಲ ಜೇನಿಗೆ ಕಷ್ಟದ ಕಾಲ. ಹೂವಿಲ್ಲ, ಹೊರಗೆ ಹಾರುವಂತಿಲ್ಲ. ಸಕ್ಕರೆ ನೀರು ಇಟ್ಟರೂ ಪೆಟ್ಟಿಗೆಗಳು ಸೊರಗಿದವು. ಎಲ್ಲರದಕ್ಕಿಂತ ಸಣ್ಣಮ್ಮನದು ಜಾಸ್ತಿ ಸೊರಗಿತು. ಸೊರಗಿದ ಪೆಟ್ಟಿಗೆಗೆ ಒಂದು ಉಪಾಯ ಉಂಟು ಎಂದರು ಮೇಷ್ಟ್ರು. ಗಟ್ಟಿಯಿರುವ ಪೆಟ್ಟಿಗೆಯಿಂದ ಮರಿಗಳು ತುಂಬಿದ ಒಂದು ಎರಿ, ಎಂದರೆ ಮೇಣದ ಕಣ್ಣುಗಳ ತಟ್ಟೆ, ತೆಗೆದು ಇದಕ್ಕೆ ಇಡುವುದು. ಆ ಮರಿಗಳು ಹೊರಬಂದು ಈ ಮನೆಯ ಕೆಲಸಕ್ಕೆ ನಿಲ್ಲುತ್ತವೆ. ಅದಕ್ಕೆಂದೇ ಘಟ್ಟದ ಕೆಳಗಿನ ಅವರ ಅಣ್ಣನ ತೋಟದಿಂದ ಒಂದು ಗಟ್ಟಿ ಪೆಟ್ಟಿಗೆ ತರಿಸಿದ್ದರು. ಕೊಡುವ ಮುಂಚೆ ಎರಿಯನ್ನು ಬಿಸಿಲಿಗೆ ಹಿಡಿದು ಕಣ್ಣು ಕಣ್ಣೂ ನೋಡಬೇಕು, ಮರಿ ಬೆಳ್ಳಗಿದೆಯಾ, ಸುರುಳಿಯಾಗಿ ಮಲಗಿದೆಯಾ ಎಂದು. ಅದನ್ನೂ ನಮ್ಮ ಕೈಲಿ ಬಾಯಿಪಾಠ ಮಾಡಿಸಿದ್ದರು.

ಅವತ್ತು ನಾವು ಏಳೆಂಟು ಜನ ಸಣ್ಣಮ್ಮನ ಅಂಗಳದಲ್ಲಿದ್ದೆವು. ಮೇಷ್ಟ್ರು ಎರಿ ತೆಗೆಯುವುದನ್ನು ನೋಡುತ್ತಿದ್ದ ಸಣ್ಣಮ್ಮ, "ಇದು ಮಡಿಲು ತುಂಬ್ದಂಗಲ್ವಾ ಸಾರ್? ತವರಿಂದ ಹೆಣ್ಣು ಕಳ್ಸೋವಾಗ ಬರೀ ಮಡಿಲಲ್ಲಿ ಕಳುಸ್ತಾರಾ? ತಡೀರಿ" ಎಂದು ಒಳಗೆ ಓಡಿದಳು. ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಒಂದು ರವಿಕೆ ಕಣ ತಂದು ಪೆಟ್ಟಿಗೆಯ ಮುಂದಿಟ್ಟಳು. ಕುಂಕುಮ ಹಚ್ಚಿದಳು. ಮೇಷ್ಟ್ರು ಏನು ಮಾಡಬೇಕೆಂದು ತಿಳಿಯದೆ ಎರಿ ಹಿಡಿದುಕೊಂಡು ನಿಂತರು. "ನೀವೇ ತವರಿನೋರು ಸಾರ್. ನಿಮ್ಮ ಮನೆ ಹೆಣ್ಣು ಇದು. ನೀವೇ ತುಂಬ್ಬೇಕು" ಎಂದಳು ಸಣ್ಣಮ್ಮ. ಹೆಂಗಸರೆಲ್ಲ, ತವರಿನವರು ಅಳಬೇಕು, ಅಳಿ ಸಾರ್ ಎಂದು ಅವರನ್ನು ಗೋಳುಹೊಯ್ದುಕೊಂಡರು. ಮದುವೆಯಿಲ್ಲದ, ಮಕ್ಕಳಿಲ್ಲದ ಮನುಷ್ಯ. ಮುಖ ಕೆಂಪಾಗಿ, ನಗುತ್ತ, ಎರಿಯನ್ನು ಮೆಲ್ಲಗೆ ಪೆಟ್ಟಿಗೆಯ ನಡುವೆ ಇಳಿಸಿದರು. ಅವರು ಅಷ್ಟು ನಕ್ಕಿದ್ದನ್ನು ಮತ್ತೆ ನಾನು ನೋಡಲಿಲ್ಲ.

ಅಲ್ಲಿಂದ ನಮಗೆ ಅದು ಪದ್ಧತಿಯೇ ಆಗಿಹೋಯಿತು. ಸಣ್ಣಮ್ಮನ ಪೆಟ್ಟಿಗೆ ಚೇತರಿಸಿಕೊಂಡಿತು. ಅವಳು ನನ್ನದಕ್ಕೆ ಮಡಿಲು ತುಂಬಿದಳು. ನಾನು ಪಕ್ಕದವಳದಕ್ಕೆ ತುಂಬಿದೆ. ಬೇಕಿರಲಿ ಬೇಡದಿರಲಿ, ಒಬ್ಬರು ತುಂಬಿದ ಮೇಲೆ ಇನ್ನೊಬ್ಬರಿಗೆ ತುಂಬದಿದ್ದರೆ ಬೇಜಾರು. ಎರಿ ಮುಚ್ಚಿದ ಪಾತ್ರೆಯಲ್ಲಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಯಿತು. ಮೇಷ್ಟ್ರು ಬಂದರೆ ಮೊದಲು ಕೇಳುವುದೇ, "ಈ ವಾರ ಯಾರ ಮನೆಯ ಹೆಣ್ಣಿಗೆ ಮಡಿಲು?" ಎಂದು.

ಕಾಫಿ ಹಣ್ಣಾಗುವ ಹೊತ್ತಿಗೆ ನನ್ನ ಪಕ್ಕದವಳ ಪೆಟ್ಟಿಗೆಯಲ್ಲಿ ಸದ್ದು ಕಡಿಮೆಯಾಯಿತು. ಮೇಷ್ಟ್ರು ಬಂದು ತೆರೆದರು. ಸುರುಳಿಯಾಗಿ ಮಲಗಬೇಕಾದ ಮರಿಗಳು ತಲೆ ಮೇಲೆತ್ತಿ ಸತ್ತಿದ್ದವು. ಬೆಂಕಿಕಡ್ಡಿಯಿಂದ ಒಂದನ್ನು ಎತ್ತಿದರು. ಮರಿ ಇರಲಿಲ್ಲ, ನೀರು ತುಂಬಿದ ಸಣ್ಣ ಚೀಲ ಇತ್ತು. ಅವರು ಮುಚ್ಚಳ ಹಾಕಿ ಕೇಳಿದರು, "ಇದಕ್ಕೆ ಎರಿ ಕೊಟ್ಟದ್ದು ಯಾರು?" "ನಾನು" ಎಂದೆ. ನನ್ನ ಮನೆಗೆ ಬಂದರು. ನನ್ನವೆರಡರಲ್ಲೂ ಅದೇ. "ನಿನಗೆ?" "ಸಣ್ಣಮ್ಮ" ಎಂದೆ. ಬಸ್ಸಿಗೂ ಕಾಯದೆ ನಡೆದರು, ನಾನೂ ಹಿಂದೆ ಹೋದೆ. ಸಣ್ಣಮ್ಮನ ಪೆಟ್ಟಿಗೆಯಲ್ಲಿ ಜೇನು ಮುಷ್ಟಿಯಷ್ಟೂ ಉಳಿದಿರಲಿಲ್ಲ. ಅವರು ಅದೇ ಪ್ರಶ್ನೆ ಕೇಳಿದರು. ಸಣ್ಣಮ್ಮ ಅವರ ಮುಖ ನೋಡಿದಳು. "ನಮ್ಮದಕ್ಕೆ ನೀವೇ ಅಲ್ವಾ ಸಾರ್" ಎಂದಳು. ಅವರು ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಮುಂದಿನ ವಾರ ಎಲ್ಲರನ್ನೂ ಮಹಿಳಾ ಸಮಾಜಕ್ಕೆ ಕರೆಸಿದರು. ಇದಕ್ಕೆ ಔಷಧಿ ಇಲ್ಲ, ಎರಿಗಳನ್ನು ಸುಡಬೇಕು, ಪೆಟ್ಟಿಗೆಯನ್ನು ಬೆಂಕಿಯಲ್ಲಿ ಕಾಯಿಸಬೇಕು ಎಂದರು. ಆಮೇಲೆ, "ರೋಗ ತಂದದ್ದು ನಾನು. ಅಣ್ಣನ ತೋಟದಲ್ಲಿಯೂ ಎಲ್ಲ ಹೋಯಿತಂತೆ" ಎಂದರು. ಜೊತೆಗೆ ಬಂದಿದ್ದ ಸರ್ಕಾರದ ಆಫೀಸರು, ಹಾಗಲ್ಲ, ಇದು ಎಲ್ಲ ಜಿಲ್ಲೆಗಳಲ್ಲೂ ಬಂದಿದೆ, ಎರಿ ತೆಗೆದುಕೊಳ್ಳದವರ ಜೇನೂ ಸತ್ತಿದೆ ಎಂದು ಸಮಾಧಾನ ಹೇಳಿದರು. ಹಿಂದಿನಿಂದ ಒಬ್ಬಳು, "ನೀವು ಬಿಸ್ಲಿಗೆ ಹಿಡ್ದು ನೋಡಿದ್ರಲ್ವಾ ಸಾರ್ ಅವತ್ತು?" ಎಂದು ಕೇಳಿದಳು. ಮೇಷ್ಟ್ರು "ನೋಡಿದ್ದೆ. ಕಾಣಲಿಲ್ಲ" ಎಂದರು. ಅದೇ ನಮಗೆ ಸಮಾಧಾನವಾಯಿತು. ಅವರ ಕಣ್ಣಿಗೇ ಕಾಣದ್ದು ಯಾರ ಕಣ್ಣಿಗೆ ಕಾಣುತ್ತದೆ, ನಮ್ಮ ಹಣೆಬರಹ, ಎಂದು ಎದ್ದು ಬಂದೆವು.

ಎರಿ ಸುಡಲು ಯಾರೂ ಒಪ್ಪಲಿಲ್ಲ. "ಮಡಿಲಿಗೆ ಹಾಕಿದ್ದನ್ನ ಬೆಂಕಿಗೆ ಹಾಕ್ತಾರಾ ಸಾರ್?" ಎಂದು ಸಣ್ಣಮ್ಮ ಬಾಗಿಲು ಹಾಕಿಕೊಂಡಳು. ಮೇಷ್ಟ್ರು ಒಬ್ಬರೇ ಮನೆಮನೆಗೆ ಬಂದು ಹಿತ್ತಲಲ್ಲಿ ಗುಂಡಿ ತೋಡಿ ಸುಟ್ಟರು. ನನ್ನ ಮನೆಯಲ್ಲಿ ಸುಡುವಾಗ ಮೇಣ ಕರಗಿ ಒಳ್ಳೆಯ ವಾಸನೆ ಬಂತು. ಮಕ್ಕಳು ಹತ್ತಿರ ಹೋಗಿ ನಿಂತವು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಹೋಗುವಾಗ ಅವರು ಏನೋ ಹೇಳಲು ಬಾಗಿಲಿಗೆ ಬಂದು, ಹೇಳದೆ ಹೋದರು.

ಬಾಡಿಗೆ ಕಟ್ಟಲಾಗಲಿಲ್ಲ. ಹಣ್ಣಿನ ಕಾಲ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಎಸ್ಟೇಟಿನಲ್ಲಿ ಆಳು ಬೇಕಿತ್ತು. ರೈಟರ್ ನನ್ನನ್ನು ಕಂಡು ಏನೂ ಅನ್ನಲಿಲ್ಲ, ರೂಮು ತೋರಿಸಿದ. ಅವನು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು. ಸ್ಕೂಲು ದೂರವಾಯಿತು. ಮಕ್ಕಳು ಮೊದಲು ಒಂದು ವಾರ ಬುಟ್ಟಿ ಹಿಡಿದರು, ಆಮೇಲೆ ಒಂದು ತಿಂಗಳು. ಹೂಮಳೆ ಆ ವರ್ಷವೂ ಚೆನ್ನಾಗಿಯೇ ಬಿತ್ತು. ತೋಟವೆಲ್ಲ ಬೆಳ್ಳಗಾಗಿತ್ತು. ಯಾವ ಸದ್ದೂ ಇರಲಿಲ್ಲ. ಹೂವಿನ ನಡುವೆ ನಿಂತರೆ ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಮಗಳು ಏಳನೆಯ ಕ್ಲಾಸಿಗೆ ಸ್ಕೂಲು ಬಿಟ್ಟಳು. ಮಗ ಅಷ್ಟೂ ಓದಲಿಲ್ಲ. ಅಳುವಂಥದ್ದು ಏನೂ ಆಗಲಿಲ್ಲ, ಎಲ್ಲ ನಿಧಾನವಾಗಿ ಆಯಿತು.

ಮೇಷ್ಟ್ರು ಆ ಕೆಲಸ ಬಿಟ್ಟು ಸಕಲೇಶಪುರದಲ್ಲಿ ಭಾವನ ಅಂಗಡಿಯಲ್ಲಿ ಕೂತರು. ಪೇಟೆಗೆ ಹೋದಾಗ ಕಾಣುತ್ತಿದ್ದರು. ಬಣ್ಣದ ಅಂಗಿ ಹಾಕಿಕೊಳ್ಳಲು ಶುರು ಮಾಡಿದ್ದರು. ನಾನು ನಮಸ್ಕಾರ ಮಾಡಿದರೆ ಅವರೂ ಮಾಡುತ್ತಿದ್ದರು, ಮಕ್ಕಳು ಹೇಗಿದ್ದಾರೆ ಎಂದು ಮಾತ್ರ ಕೇಳುತ್ತಿರಲಿಲ್ಲ.

ಆಮೇಲೆ, ಎಷ್ಟೋ ವರ್ಷ ಕಳೆದು, ಹೊಸ ಶತಮಾನ ಬಂದ ಮೇಲೆ, ಜೇನೂ ಮೆಲ್ಲಗೆ ವಾಪಸ್ ಬಂತು. ರೋಗ ತಡೆದುಕೊಂಡು ಉಳಿದ ಹಿಂಡುಗಳು ಮರದ ಪೊಟರೆಗಳಲ್ಲಿ ಕಂಡವು. ಸಣ್ಣಮ್ಮ ಒಂದನ್ನು ಹಿಡಿದು ಹಳೆಯ ಪೆಟ್ಟಿಗೆಗೆ ಕೂರಿಸಿದಳು. ನಾನೂ ಒಂದು ಸಣ್ಣ ಹಿಂಡು ಹಿಡಿದೆ, ಅದು ಸೊರಗಿತು. ಸಣ್ಣಮ್ಮನ ಹತ್ತಿರ ಎರಿ ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಒಂದು ದಿನ ಮುಚ್ಚಿದ ಪಾತ್ರೆ ಹಿಡಿದುಕೊಂಡು ಬಸ್ಸಿಳಿದು ಬಂದಳು. "ಸುಮ್ಕೆ ನಿಂತ್ಕೊ" ಎಂದು ಎರಿಯನ್ನು ಬಿಸಿಲಿಗೆ ಹಿಡಿದು, ಈ ಕಡೆ, ಆ ಕಡೆ, ಮತ್ತೆ ಈ ಕಡೆ ನೋಡಿದಳು. ನನ್ನ ಸೊಂಟ ನೋಯುವಷ್ಟು ಹೊತ್ತು ನೋಡಿದಳು. ಆಮೇಲೆ ಕೊಟ್ಟಳು. ಆ ಪೆಟ್ಟಿಗೆ ನಿಂತಿತು. ಅದರಿಂದ ಬೇರೆಯವು ಆದವು. ನಾನು ಲೈನ್ ಬಿಟ್ಟೆ. ಈಗ ಯಸಳೂರಿನಲ್ಲಿ ಹೊಸ ಹೆಂಗಸರಿಗೆ ನಾನೇ ಕಲಿಸುತ್ತೇನೆ.

ಸಣ್ಣಮ್ಮ ಎರಿ ಕೊಟ್ಟ ವರ್ಷದ ಜೇನಿನಲ್ಲಿ ಒಂದು ಬಾಟಲಿ ಮೇಷ್ಟ್ರಿಗೆ ಕೊಡೋಣವೆಂದು ಹೋದೆ. ಅವರಿಗೆ ಆಗಲೇ ಮೈ ಸರಿ ಇರಲಿಲ್ಲ, ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಅವರ ಅಕ್ಕ ಕಾಫಿ ಕೊಟ್ಟು ಒಳಗೆ ಹೋದರು. ಸೊರಗಿದ್ದ ಪೆಟ್ಟಿಗೆ ಗಟ್ಟಿಯಾಗಿ ಕೊಟ್ಟ ಜೇನು ಎಂದೆ. ಬಾಟಲಿಯನ್ನು ಕೈಗೆ ತೆಗೆದುಕೊಳ್ಳದೆ ಮೇಷ್ಟ್ರು ಕೇಳಿದರು.

"ಪೆಟ್ಟಿಗೆ ಗಟ್ಟಿ ಆದದ್ದು ಹೇಗೆ?"

"ಸಣ್ಣಮ್ಮ ಮಡಿಲು ತುಂಬಿದ್ಲು ಸಾರ್."

"ನೋಡಿ ಕೊಟ್ಟಳಾ?"

"ಕಣ್ಣು ಕಣ್ಣೂ ನೋಡಿದ್ಲು."

ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು.

"ನಾನು ನೋಡಿರಲಿಲ್ಲ" ಎಂದರು.

ನಾನು ಕಾಫಿ ಕೆಳಗಿಟ್ಟೆ.

"ಅವತ್ತು ನೀವೆಲ್ಲ ನನ್ನನ್ನು ತವರಿನವ ಅಂದಿರಿ. ಕುಂಕುಮ ಎಲ್ಲ ಹಚ್ಚಿ ಕಾಯುತ್ತಾ ಇದ್ದಿರಿ. ನನಗೆ ತುಂಬಾ ಸಂತೋಷ ಆಗಿತ್ತು. ಎರಿ ಎತ್ತಿ ಹಾಗೇ ಇಟ್ಟೆ, ಬಿಸಿಲಿಗೆ ಹಿಡಿಯಲಿಲ್ಲ. ಮತ್ತೆ ಎಲ್ಲರ ಎದುರು ನೋಡಿದ್ದೆ ಅಂದೆ."

"ಅದು ಎಲ್ಲಾ ಕಡೆ ಬಂದಿತ್ತು ಸಾರ್. ಆಫೀಸರೇ ಹೇಳಿದ್ರಲ್ಲ."

"ಎಲ್ಲಾ ಕಡೆ ಬಂದದ್ದು ನನಗೂ ಗೊತ್ತುಂಟು. ನಿಮ್ಮ ಮನೆಗೆ ತಂದದ್ದು ನಾನು." ಆಮೇಲೆ, ಅಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದರು. "ಮಕ್ಕಳು ಓದಿದರಾ?"

ಸಿಟ್ಟು ಬರಬೇಕಿತ್ತು. ಇಲ್ಲದಿದ್ದರೆ ಆ ಮುಖ ನೋಡಿ ಅಯ್ಯೋ ಅನ್ನಿಸಬೇಕಿತ್ತು. ಎರಡೂ ಆಗಲಿಲ್ಲ. ಓದಿದರು ಎಂದು ಒಂದು ಸುಳ್ಳು ಹೇಳಿದ್ದರೆ ಅವರು ಆ ರಾತ್ರಿ ನಿದ್ದೆ ಮಾಡುತ್ತಿದ್ದರೋ ಏನೋ. ನಾಲಿಗೆಯ ತನಕ ಬಂತು. ಆದರೆ ಅವರು ನಿಜ ಹೇಳಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

"ಇಲ್ಲ ಸಾರ್" ಎಂದೆ. "ಲೈನಲ್ಲೇ ದೊಡ್ಡೋರಾದ್ರು. ಮಗಳು ಈಗ್ಲೂ ಅಲ್ಲೇ ಅವ್ಳೆ, ಹಣ್ಣು ಕುಯ್ಯಕ್ಕೆ."

ಅವರು ತಲೆಯಾಡಿಸಿದರು. ಕೈ ಚಾಚಿ ಬಾಟಲಿಯನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.